ಸೋವಿ ಪಿಸ್ತೂಲ್ ನಡೀತದೇನ್ರಿ? ಕಲಬುರಗಿಯ ತಗಡಿನ ಶೆಡ್‌ನಿಂದ ನನ್ನ ಅನುಭವ

ಶೂಟಿಂಗ್ ಕಲಿಯೋಕೆ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪಂದಿರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ಸರ್, ಲಕ್ಷದ್ದೇ ಬೇಕೇನ್ರಿ? ಸೋವಿ ಫಾರಿನ್ ಪಿಸ್ತೂಲ್ ತಗೊಂಡ್ರ ನಡೆಯಂಗಿಲ್ಲೇನು?" ನಡೀತದ ಅಂತಲೇ ಹೇಳುತ್ತೇನೆ. ಆದರೆ ಎಲ್ಲ ಸೋವಿ ಪಿಸ್ತೂಲೂ ನಡೆಯುವುದಿಲ್ಲ. ನಮ್ಮ ಊರಿನ ಬಿಸಿಲಲ್ಲಂತೂ ಕೆಲವು ನಡೆಯುವುದೇ ಇಲ್ಲ.

ನಾನು ಹೇಳುತ್ತಿರುವುದು 10 ಮೀಟರ್ ಏರ್ ಪಿಸ್ತೂಲ್ ವಿಷಯ, ಅಂದರೆ ಮದ್ದಿಲ್ಲದೆ ಗಾಳಿ ಅಥವಾ ಗ್ಯಾಸಿನ ಒತ್ತಡದಿಂದ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಪಿಸ್ತೂಲ್. 4.5 ಮಿ.ಮೀ. ಪೆಲೆಟ್ (ಸಣ್ಣ ಗುಂಡು), ವೇಗ ಸೆಕೆಂಡಿಗೆ ಸುಮಾರು 150 ಮೀಟರ್, ಶಕ್ತಿ ಐದಾರು ಜೂಲ್ ಅಷ್ಟೇ. 4.5 ಮಿ.ಮೀ. ಮತ್ತು 20 ಜೂಲ್ ಒಳಗಿನ ಏರ್ ಪಿಸ್ತೂಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗಂತ ಆಟದ ಸಾಮಾನಲ್ಲ, ಪೆಲೆಟ್ ಕಣ್ಣಿಗೆ ಬಡಿದರೆ ಕಣ್ಣು ಹೋಗುತ್ತದೆ. ನಮ್ಮ ಶೆಡ್‌ನಲ್ಲಿ ಟಾರ್ಗೆಟ್ ಹಿಂದೆ ಸಿಮೆಂಟ್ ಕಾರ್ಖಾನೆಯ ಗುಜರಿಯಿಂದ ತಂದ ಕನ್ವೇಯರ್ ಬೆಲ್ಟ್ ತೂಗುಹಾಕಿದ್ದೇವೆ. ಹಿಂದಿನದು ಶಹಾಬಾದ ಕಲ್ಲಿನ ಗೋಡೆ. ಬೆಲ್ಟ್ ಇಲ್ಲದಿದ್ದರೆ ಪೆಲೆಟ್ ಅದಕ್ಕೆ ಬಡಿದು ವಾಪಸ್ ಬರುತ್ತದೆ.

ಮೊದಲು ನಮ್ಮ ಬಳಿ ಇದ್ದದ್ದು ಸಿಒ2 (ಕಾರ್ಬನ್ ಡೈಆಕ್ಸೈಡ್) ಗ್ಯಾಸಿನ ಒಂದು ಸೋವಿ ಪಿಸ್ತೂಲ್. ಹೊರದೇಶದ್ದೇ, ನೋಡೋಕೆ ಚೆಂದ. ಡಿಸೆಂಬರ್‌ನಲ್ಲಿ ಚೆನ್ನಾಗಿಯೇ ಹೊಡೆಯಿತು. ಮಾರ್ಚ್ ಬಂತು ನೋಡಿ, ಬೆಳಿಗ್ಗೆ ಹೊಂದಿಸಿದ ಸೈಟ್ (ಗುರಿ ನೋಡುವ ಭಾಗ) ಮಧ್ಯಾಹ್ನಕ್ಕೆ ಸರಿಯಿಲ್ಲ. ಗ್ರೂಪ್, ಅಂದರೆ ಟಾರ್ಗೆಟ್ ಮೇಲಿನ ತೂತುಗಳ ಗುಂಪು, ಮೇಲೆ ಹೋಗಿ ಚದುರುತ್ತಿತ್ತು. ಕೆಲವೊಮ್ಮೆ ಒಳಗಿನ ಒತ್ತಡಕ್ಕೆ ವಾಲ್ವೇ ಸರಿಯಾಗಿ ತೆರೆಯದೆ ಪೆಲೆಟ್ ಪುಸ್ ಅಂತ ಹೋಗುತ್ತಿತ್ತು. ಇದರಲ್ಲಿ ಮಾಟಮಂತ್ರ ಏನಿಲ್ಲ. ಸಿಲಿಂಡರಿನೊಳಗೆ ಸಿಒ2 ದ್ರವವಾಗಿ ಇರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್, 30 ಡಿಗ್ರಿಗೆ ಸುಮಾರು 72. 31 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದೇ ಇಲ್ಲ. ಆಮೇಲೆ ಒತ್ತಡ ಎಲ್ಲಿಗೆ ಹೋಗುತ್ತದೋ ಹೇಳೋಕಾಗಲ್ಲ. ಮೇ ತಿಂಗಳಲ್ಲಿ ಕಲಬುರಗಿ 42 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಏಸಿ ಇರುವ ಹಾಲ್‌ನಲ್ಲಿ ಅದೇ ಪಿಸ್ತೂಲ್ ಚೆನ್ನಾಗಿ ನಡೆದೀತು. ನಮಗೆ ಅದು ಆಗಿಬರಲಿಲ್ಲ.

ಆಮೇಲೆ ಹಳೆಯ ಬೈಕಾಲ್ ಐಝಡ್ಎಚ್-46ಎಂ ಒಂದು ಸಿಕ್ಕಿತು. ರಷ್ಯಾದ ಇಝೆವ್ಸ್ಕ್‌ನಲ್ಲಿ ತಯಾರಾದದ್ದು. ಹೆಸರಿನ ಪಿಸ್ತೂಲುಗಳ ಮುಂದೆ ಇದು ಸೋವಿಯ ಸಾಲಿನದು, ರೂಪವೂ ಅಷ್ಟಕ್ಕಷ್ಟೇ. ಇದರಲ್ಲಿ ಗ್ಯಾಸೂ ಇಲ್ಲ, ಸಿಲಿಂಡರೂ ಇಲ್ಲ. ಬ್ಯಾರಲ್ ಕೆಳಗಿನ ಉದ್ದ ಲಿವರ್ ಒಮ್ಮೆ ಎಳೆದು ಮುಚ್ಚಿದರೆ ಒಂದು ಶಾಟ್‌ಗೆ ಬೇಕಾದ ಗಾಳಿ ತುಂಬುತ್ತದೆ. ಪ್ರತಿ ಶಾಟ್‌ಗೂ ಎಳೆಯಲೇಬೇಕು. ಹೊರಗೆ ಬಿಸಿಲು ಎಷ್ಟೇ ಇರಲಿ, ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಒಂದೇ ಕಷ್ಟ, ಮೂತಿಯ ಕಡೆ ಭಾರ ಜಾಸ್ತಿ. ಸಣ್ಣ ಮಕ್ಕಳು ಲಿವರ್ ಎಳೆದೆಳೆದೇ ಸುಸ್ತಾಗುತ್ತಾರೆ, ಆಮೇಲೆ ಗುರಿ ಹಿಡಿಯೋಕೆ ಕೈ ನಡುಗುತ್ತದೆ.

ಹೈದರಾಬಾದಿನ ಗೆಳೆಯರೊಬ್ಬರು ತಮ್ಮ ತುಟ್ಟಿ ಪಿಸ್ತೂಲ್, ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುವ ಸ್ಟೈರ್ ಎಲ್‌ಪಿ10 ತಂದಾಗ ಎರಡನ್ನೂ ಹೋಲಿಸಿ ನೋಡಿದೆವು. ಕೈಯಲ್ಲಿ ಹಿಡಿದು ಹೊಡೆದರೆ ನಮ್ಮ ತಪ್ಪು ಯಾವುದು, ಪಿಸ್ತೂಲಿನ ತಪ್ಪು ಯಾವುದು ಗೊತ್ತಾಗಲ್ಲ. ಅದಕ್ಕೆ ಬೆಂಚ್ ವೈಸ್‌ನಲ್ಲಿ ರಬ್ಬರ್ ಸುತ್ತಿ ಬಿಗಿದು, ಹತ್ತು ಮೀಟರಿನಿಂದ ಐದೈದು ಪೆಲೆಟ್ ಬಿಟ್ಟೆವು. ಎಲ್‌ಪಿ10 ಒಂದೇ ತೂತು ಮಾಡಿತು. ಬೈಕಾಲಿನದು ಸ್ವಲ್ಪ ದೊಡ್ಡ ತೂತು, ಅಂಚು ಹರಿದಿತ್ತು, ಆದರೆ ಅದೂ ಹತ್ತರ ರಿಂಗ್ ಬಿಟ್ಟು ಹೊರಗೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡ್ರಿ. ಹತ್ತರ ರಿಂಗಿನ ಅಗಲ 11.5 ಮಿ.ಮೀ. ಪೆಲೆಟ್ 4.5 ಮಿ.ಮೀ., ಗೆರೆ ತಾಗಿದರೂ ಹತ್ತೇ. ಅಂದರೆ ಪೆಲೆಟ್ಟಿನ ನಡು ಗುರಿಯಿಂದ 8 ಮಿ.ಮೀ. ಸರಿದರೂ ಹತ್ತು ಅಂಕ ಸಿಗುತ್ತದೆ. ಅಲ್ಲಿಂದ ಹೊರಗೆ ಒಂದೊಂದು ಅಂಕಕ್ಕೂ ಇನ್ನೊಂದು 8 ಮಿ.ಮೀ. ಹೊಸ ಹುಡುಗನ ಕೈ ಏಳು-ಎಂಟರ ರಿಂಗಿನಲ್ಲಿ ಓಲಾಡುತ್ತಿರುತ್ತದೆ. ಎರಡು ಬ್ಯಾರಲ್‌ಗಳ ನಡುವಿನ ಒಂದೆರಡು ಮಿಲಿಮೀಟರ್ ಅವನಿಗೆ ಲೆಕ್ಕಕ್ಕೇ ಬರಲ್ಲ ಅಲ್ವಾ? ಅದೇ ವೈಸ್‌ನಲ್ಲಿ ಇನ್ನೊಂದು ಸಂಗತಿಯೂ ಗೊತ್ತಾಯಿತು. ಬೈಕಾಲಿಗೆ ಸೋವಿ ಪೆಲೆಟ್ ಹಾಕಿದಾಗ ಗ್ರೂಪ್ ಎರಡರಷ್ಟಾಯಿತು. ಜರ್ಮನಿಯ ಎಚ್ ಅಂಡ್ ಎನ್ ಮ್ಯಾಚ್ ಪೆಲೆಟ್ ಹಾಕಿದರೆ ಮತ್ತೆ ಕೂಡಿಕೊಂಡಿತು. ನಮ್ಮ ಶೆಡ್‌ನಲ್ಲಿ ಪಿಸ್ತೂಲ್ ಬದಲಿಸಿದ್ದಕ್ಕಿಂತ ಪೆಲೆಟ್ ಡಬ್ಬಿ ಬದಲಿಸಿದ್ದರಿಂದ ಆದ ವ್ಯತ್ಯಾಸವೇ ದೊಡ್ಡದು.

ಹಾಗಾದರೆ ಲಕ್ಷ ದಾಟಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಬಹಳಷ್ಟು ಟ್ರಿಗ್ಗರಿಗೆ. ನಿಯಮದ ಪ್ರಕಾರ ಟ್ರಿಗ್ಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಪಂದ್ಯಕ್ಕೆ ಮುಂಚೆ ಪಿಸ್ತೂಲನ್ನು ನೆಟ್ಟಗೆ ಹಿಡಿದು, ಟ್ರಿಗ್ಗರಿಗೆ ತೂಕ ಸಿಕ್ಕಿಸಿ ಎತ್ತಿ ನೋಡುತ್ತಾರೆ. ನಾವು ಕಿರಾಣಿ ಅಂಗಡಿಯ ಅರ್ಧ ಕಿಲೋ ತೂಕದ ಕಲ್ಲಿಗೆ ತಂತಿ ಕಟ್ಟಿಕೊಂಡಿದ್ದೇವೆ. ಬಜಾರಿನಲ್ಲಿ ಸೀಲ್ ಹಾಕಿದ ಕಲ್ಲು, ಮೋಸ ಇರಲ್ಲ. ಎಲ್‌ಪಿ10 ಅದನ್ನು ಸರಕ್ಕನೆ ಎತ್ತಿತು. ಎಷ್ಟು ಸಲ ಎತ್ತಿದರೂ ಹಾಗೇ. ಬೆರಳಿಗೂ ಗೊತ್ತಾಗುತ್ತದೆ. ಮೊದಲ ಹಂತ ಮುಗಿದು ಒಂದು ತಡೆ, ಆಮೇಲೆ ಗಾಜಿನ ಕಡ್ಡಿ ಮುರಿದ ಹಾಗೆ ಬಿಡುಗಡೆ. ಬೈಕಾಲಿನ ಟ್ರಿಗ್ಗರ್ ಒರಟು, ಆದರೂ ಸ್ಕ್ರೂ ತಿರುಗಿಸಿ ಸಾಕಷ್ಟು ಹೊಂದಿಸಬಹುದು. ಮೊದಲು ಹೇಳಿದ ಸಿಒ2 ಪಿಸ್ತೂಲಿನದು ಮಾತ್ರ ಕಲ್ಲು ಪಾಸಾಗುವಂತೆ ಇಟ್ಟರೆ ಎಳೆದಷ್ಟೂ ಜಗ್ಗುತ್ತಿತ್ತು, ಹಗುರ ಮಾಡಿದರೆ ಕಲ್ಲು ಎತ್ತುವಾಗಲೇ ಬಿಟ್ಟುಬಿಡುತ್ತಿತ್ತು. ಅಂಥದ್ದರಲ್ಲಿ ಕಲಿತ ಹುಡುಗ ಟ್ರಿಗ್ಗರ್ ಕಿತ್ತೆಳೆಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾನೆ. ಆ ಚಾಳಿ ಬಿಡಿಸೋಕೆ ಆಮೇಲೆ ಪಡುವ ಪಾಡು ನನಗೇ ಗೊತ್ತು.

ಎರಡನೆಯದು ಗ್ರಿಪ್. ತುಟ್ಟಿ ಪಿಸ್ತೂಲಿನಲ್ಲಿ ಕೈಯ ಅಳತೆಗೆ ತಕ್ಕ ಮರದ ಹಿಡಿ ಸಿಗುತ್ತದೆ, ಕೋನವನ್ನೂ ಬದಲಿಸಬಹುದು. ಸೋವಿಯದರಲ್ಲಿ ಎಲ್ಲರಿಗೂ ಒಂದೇ ಅಳತೆ. ಅದಕ್ಕೆ ಉಪಾಯವಿದೆ. ಎಂ-ಸೀಲ್ ಮೆತ್ತಿ, ಕೈಯಿಂದ ಒತ್ತಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬೇಕು. ಖರ್ಚು ಕಮ್ಮಿ, ತಾಳ್ಮೆ ಜಾಸ್ತಿ. ಒಂದೇ ಎಚ್ಚರ: ಇಡೀ ಪಿಸ್ತೂಲ್ 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಸುಮ್ನೆ ಮೆತ್ತುತ್ತಾ ಹೋದರೆ 50ರ ಅಗಲ ದಾಟಿ ಪಂದ್ಯದಲ್ಲಿ ವಾಪಸ್ ಕಳಿಸುತ್ತಾರೆ.

ರಿಪೇರಿ ವಿಷಯದಲ್ಲಿ ಕಲಬುರಗಿಯವರು ಪುಣ್ಯವಂತರು. ಏರ್ ಪಿಸ್ತೂಲ್ ಕೆಟ್ಟರೆ ಹೆಚ್ಚಾಗಿ ಕೆಡುವುದು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಸೀಲ್. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು, ಶಹಾಬಾದ ಕಡೆ ಕಲ್ಲು ಗಣಿ, ಊರೆಲ್ಲ ಜೆಸಿಬಿ. ಹೀಗಾಗಿ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗಳಿಗೆ ಬರವಿಲ್ಲ. ಹಳೆಯ ರಿಂಗ್ ಒಯ್ದು ತೋರಿಸಿದರೆ ಅಂಗಡಿಯವರು ವರ್ನಿಯರ್ ಹಿಡಿದು ಅಳೆದು ಅದೇ ಸೈಜಿನದು ಕೊಡುತ್ತಾರೆ. ಗಟ್ಟಿ ರಬ್ಬರಿನದೇ ಕೇಳಿ. ಹಚ್ಚೋಕೆ ಸಿಲಿಕೋನ್ ಗ್ರೀಸ್ ಮಾತ್ರ. ಹೊಲಿಗೆ ಮಷೀನ್ ಎಣ್ಣೆ, ಇಂಜಿನ್ ಆಯಿಲ್ ಹತ್ತಿರ ಸುಳಿಯಬಾರದು, ಜೋರು ಒತ್ತಡದ ಗಾಳಿಯಲ್ಲಿ ಅವು ಹೊತ್ತಿಕೊಳ್ಳಬಹುದು. ವಾಲ್ವ್, ರೆಗ್ಯುಲೇಟರ್ ಕೆಟ್ಟರೆ ಮಾತ್ರ ಕಥೆಯೇ ಬೇರೆ. ಹೆಸರಿನ ಕಂಪನಿಗಾದರೆ ಬಿಡಿಭಾಗ ತರಿಸಿಕೊಡುವ ಡೀಲರ್ ಇರುತ್ತಾನೆ. ಹೆಸರಿಲ್ಲದ್ದಕ್ಕೆ ಯಾರೂ ಇರಲ್ಲ. ನಮ್ಮ ಸಿಒ2 ಪಿಸ್ತೂಲ್ ಕೊನೆಗೆ ಮೂಲೆ ಸೇರಿದ್ದು ಒಂದು ಸಣ್ಣ ವಾಲ್ವ್ ಸಿಗದೆ.

ತುಟ್ಟಿಯದು ಕೈಕೊಡಲ್ಲ ಅಂತಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ನಿಮಿಷಗಟ್ಟಲೆ ಸಮಯ ಹೋಯಿತು, 600ಕ್ಕೆ 575 ಅಂಕ ಬಂದರೂ 12ನೇ ಸ್ಥಾನ, ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್‌ನಲ್ಲಿ 580 ಹೊಡೆದು ಫೈನಲ್‌ಗೆ ಹೋಗಿ ಕಂಚು ಗೆದ್ದರು. ಆ ಮಟ್ಟದಲ್ಲಿ ಒಂದೊಂದು ಅಂಕವೂ ಚಿನ್ನ, ಅಲ್ಲಿ ಸೋವಿಯದರ ಮಾತೇ ಬೇಡ. ನಮ್ಮ ಹುಡುಗರು 600ಕ್ಕೆ 500 ದಾಟೋಕೆ ಒದ್ದಾಡುತ್ತಿರುತ್ತಾರೆ. 540ರ ಆಸುಪಾಸಿಗೆ ಬರುವ ತನಕ ಪಿಸ್ತೂಲ್ ಬದಲಿಸಿ ಅಂತ ನಾನು ಯಾರಿಗೂ ಹೇಳಲ್ಲ.

ಬದಲಿಸುವ ಕಾಲ ಬಂದಾಗ ಹೊಸ ಸೋವಿಯದಕ್ಕಿಂತ ಹೆಸರಿರುವ ಹಳೆಯದೇ ವಾಸಿ. ಪರಿಚಯದ ಶೂಟರ್‌ಗಳ ಹತ್ತಿರ ವಿಚಾರಿಸಿದರೆ ಸಿಗುತ್ತದೆ. ಅಂಥವುಗಳಲ್ಲಿ ಗಾಳಿ ತುಂಬುವ ಸಿಲಿಂಡರ್ ಇರುತ್ತದೆ, ಅದರ ಮೇಲೆ ಕೊರೆದ ತಯಾರಿಕೆಯ ತಾರೀಖು ಮೊದಲು ನೋಡಿ. ಸಾಮಾನ್ಯವಾಗಿ ಅದಕ್ಕೆ 10 ವರ್ಷದ ಆಯುಷ್ಯ. ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆ ಕಳೆದೇ ಚೌಕಾಸಿ ಮಾಡಿ. ಮನೆಗೆ ತರುವಾಗ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರ್ 60 ಡಿಗ್ರಿಗೆ 220 ದಾಟುತ್ತದೆ. ನಾವು ಮೇ ತಿಂಗಳಲ್ಲಿ 170ಕ್ಕಿಂತ ಮೇಲೆ ತುಂಬುವುದೇ ಇಲ್ಲ.