ಗೋಡೆ ಅವರದು, ತಗಡು ನಮ್ಮದು

ಆಫ್ರಿಕಾದ ಮಲಾವಿಯ ಹಳ್ಳಿ ಸಭೆಗಳಿಗೆ ನೆರವಾಗುವ ನಾವು ಅಲ್ಲಿನ ಪಾಸ್ಟರಿಗೆ ಸಂಬಳ ಕೊಡುವುದಿಲ್ಲ. ಹೊರಗಿನಿಂದ ತಿಂಗಳ ಹಣ ಬರುತ್ತದೆ ಎಂದು ಊರಿಗೆ ಗೊತ್ತಾದರೆ ಕಾಣಿಕೆ ಚೀಲ ಹಗುರಾಗುತ್ತದೆ. ನಾಳೆ ನಮ್ಮ ಹಣ ನಿಂತರೆ ಆ ಚೀಲ ಮತ್ತೆ ತುಂಬುವುದಿಲ್ಲ. ಅದಕ್ಕೇ ಊರಿನ ಕ್ರೈಸ್ತ ಸಭೆ ತಾನಾಗಿ ಮಾಡಬಲ್ಲದ್ದನ್ನು ಮುಗಿಸಿದ ಮೇಲೆ, ಅದರ ಕೈಗೆಟುಕದ ವಸ್ತುವನ್ನು ಮಾತ್ರ ಕೊಡುತ್ತೇವೆ. ಹಳ್ಳಿಯಲ್ಲಿ ಮಣ್ಣಿದೆ, ಕೈಗಳಿವೆ. ಇಲ್ಲದ್ದು ಕಬ್ಬಿಣದ ತಗಡು. ಅಲ್ಲಿನ ಚಿಚೆವಾ ಭಾಷೆಯಲ್ಲಿ ಅದನ್ನು ಮಲಾಟ ಎನ್ನುತ್ತಾರೆ.

12 ಮೀಟರ್ ಉದ್ದ, 7.5 ಮೀಟರ್ ಅಗಲದ ಪ್ರಾರ್ಥನಾಮಂದಿರಕ್ಕೆ ಸುಮಾರು 14 ಸಾವಿರ ಇಟ್ಟಿಗೆ ಬೇಕು. ಗೋಡೆಗೆ ಸೇರುವುದು ಅಷ್ಟಲ್ಲ. ಆದರೆ ಸುಡುವ ಗೂಡಿನ ಅಂಚಿನವು ಅರೆಬೆಂದಿರುತ್ತವೆ, ಸಾಗಿಸುವಾಗ ಒಡೆಯುತ್ತವೆ, ಅಡಿಪಾಯವೂ ಒಂದಿಷ್ಟು ನುಂಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಅಚ್ಚು ಹಾಕಿ ಸುಟ್ಟುಬಿಡಬೇಕು. ನವೆಂಬರ್‌ನಲ್ಲಿ ಮಳೆ ಹಿಡಿದರೆ ಸುಡದ ಇಟ್ಟಿಗೆ ಮತ್ತೆ ಮಣ್ಣೇ. ಸೌದೆ ದೊಡ್ಡ ತಲೆನೋವು. ಗೂಡು ಚಿಕ್ಕದಾದಷ್ಟೂ ಒಳಗಿನ ಇಟ್ಟಿಗೆಗೆ ಹೋಲಿಸಿದರೆ ಹೊರಮೈ ಹೆಚ್ಚು, ಶಾಖ ಅಷ್ಟೂ ಪೋಲು. ಹಾಗಾಗಿ ಎರಡು ಮೂರು ಸಲ ಸುಡುವ ಬದಲು ಒಂದೇ ದೊಡ್ಡ ಗೂಡು ಕಟ್ಟಿ ಎನ್ನುತ್ತೇವೆ.

ಗೋಡೆ ಪೂರ್ತಿ ಎದ್ದ ಮೇಲೆಯೇ ತಗಡಿನ ಮಾತು. ಮೊದಲೇ ಕೊಟ್ಟರೆ ಏನಾಗುತ್ತದೆ? ಜನವರಿ, ಫೆಬ್ರವರಿಯಲ್ಲಿ ಹಳೆಯ ಮೆಕ್ಕೆಜೋಳ ಮುಗಿದು ಹೊಸ ಬೆಳೆ ಇನ್ನೂ ಹಸಿರಾಗಿರುವ ಹಸಿವಿನ ತಿಂಗಳುಗಳಲ್ಲಿ ಯಾರದೋ ಮನೆಯಲ್ಲಿಟ್ಟ ತಗಡು ಒಂದೊಂದಾಗಿ ಕರಗುತ್ತದೆ. ಅದನ್ನು ಕಳ್ಳತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಲೆಕ್ಕ ಹೀಗೆ: ಇಳಿಜಾರು 18 ಡಿಗ್ರಿ, ಸೂರು ಗೋಡೆಯಿಂದ 60 ಸೆಂ.ಮೀ. ಹೊರಗೆ. ಇಳಿಜಾರಿನ ಉದ್ದ 4.6 ಮೀಟರ್ ಬರುತ್ತದೆ. 2.4 ಮೀಟರಿನ ಎರಡು ತಗಡನ್ನು 20 ಸೆಂ.ಮೀ. ಒಂದರ ಮೇಲೊಂದು ಹೊದಿಸಿದರೆ ಸರಿಹೋಗುತ್ತದೆ. ಪಕ್ಕದ ಹೊದಿಕೆ ಒಂದೂವರೆ ಉಬ್ಬು ಕಳೆದರೆ ಒಂದು ತಗಡು ಮುಚ್ಚುವ ಅಗಲ ಸುಮಾರು 68 ಸೆಂ.ಮೀ. ಎರಡೂ ತುದಿಗೆ 30 ಸೆಂ.ಮೀ. ಚಾಚು ಸೇರಿಸಿ ಒಂದು ಬದಿಗೆ 19 ಸಾಲು. ಒಟ್ಟು 76 ತಗಡು. ನಾವು 80 ತರಿಸುತ್ತೇವೆ. 28 ಗೇಜ್, ಅಂದರೆ ದಪ್ಪ 0.4 ಮಿ.ಮೀ. ಆಸುಪಾಸು. ತಗಡಿನ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಬೇಡಿ, ಮೈಕ್ರೋಮೀಟರ್ ಜೇಬಿನಲ್ಲಿರಲಿ. ಅಳೆಯಲು ಬಿಡದ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಮಾಡು ಹಾರಿಹೋಗುವುದು ತಗಡಿನ ದೋಷದಿಂದಲ್ಲ, ಕಟ್ಟಿದ ರೀತಿಯಿಂದ. ಮೇಸ್ತ್ರಿಗಳು ಮಾಡನ್ನು ಗೋಡೆಗೆ ಬಿಗಿಯುವ ಕಟ್ಟುತಂತಿಯನ್ನು ಮೇಲಿನ ಒಂದೆರಡು ವರಸೆ ಇಟ್ಟಿಗೆಗೆ ಸುತ್ತಿ ಕೈತೊಳೆದುಕೊಳ್ಳುತ್ತಾರೆ. ಇಟ್ಟಿಗೆಯ ನಡುವೆ ಇರುವುದು ಮಣ್ಣಿನ ಗಾರೆ, ಅದಕ್ಕೆ ಹಿಡಿತವಿಲ್ಲ. ಗಾಳಿ ಸೂರಿನ ಕೆಳಗೆ ನುಗ್ಗಿದಾಗ ತಗಡು, ತೊಲೆ, ಮೇಲಿನ ಎರಡು ವರಸೆ ಎಲ್ಲವೂ ಒಟ್ಟಿಗೇ ಏಳುತ್ತವೆ. ತಡೆಯುವುದು ಗೋಡೆಯ ಭಾರ ಮಾತ್ರ. ಹಾಗಾಗಿ 4 ಮಿ.ಮೀ. ತಂತಿಯನ್ನು ಜೋಡಿಯಾಗಿ 8 ವರಸೆ ಕೆಳಗಿಂದ, ಸುಮಾರು 70 ಸೆಂ.ಮೀ. ಆಳದಿಂದ, ಗೋಡೆ ಕಟ್ಟುವಾಗಲೇ ಎಬ್ಬಿಸಿಕೊಂಡು ಬರಬೇಕು. ಮೇಲಿನ ಮೂರು ವರಸೆಗೆ ಸಿಮೆಂಟ್ ಗಾರೆ. ಮಾಡಿನ ಮರದ ಚೌಕಟ್ಟು 1.2 ಮೀಟರಿಗೊಂದು, ತುದಿಗಳಲ್ಲಿ ಗೋಡೆಯೇ ಇರುವುದರಿಂದ 9 ಸಾಕು. ರೀಪಿನ ಅಂತರ 90 ಸೆಂ.ಮೀ. ಮೊಳೆ ತಗಡಿನ ಉಬ್ಬಿಗೆ, ರಬ್ಬರ್ ಬಿಲ್ಲೆ ಹಾಕಿ. ತಗ್ಗಿಗೆ ಹೊಡೆದರೆ ಮೊದಲ ಮಳೆಗೇ ಸೋರುತ್ತದೆ.

ಸೂರನ್ನು ಇನ್ನೂ ಚಾಚಿದರೆ ಗೋಡೆಗೆ ಮಳೆ ಎರಚುವುದಿಲ್ಲ ಎಂದು ಹಿರಿಯರು ವಾದಿಸುತ್ತಾರೆ. ಮಾತು ನಿಜವೇ, ಆದರೆ ಗಾಳಿಗೆ ಹಿಡಿ ಸಿಕ್ಕಂತಾಗುತ್ತದೆ. ಎರಚಲಿಗೆ ಬೇರೆ ಉಪಾಯ ಇದೆ: ಕೆಳಗಿನ 45 ಸೆಂ.ಮೀ. ಗೋಡೆಯನ್ನು ಸಿಮೆಂಟ್ ಗಾರೆಯಲ್ಲೇ ಕಟ್ಟಿ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಗೆ ದಿನಗಟ್ಟಲೆ ಮಳೆ ಸುರಿಸಿದ ಮೇಲೆ ಈ ಖರ್ಚಿನ ಬಗ್ಗೆ ನಾವು ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇವೆ.

ಪಾಸ್ಟರ್, ಅಲ್ಲಿನ ಮಾತಿನಲ್ಲಿ ಅಬುಸಾ, ಬದುಕುವುದು ಹೊಲದಿಂದ. ಆರು ಜನರ ಮನೆಗೆ ವರ್ಷಕ್ಕೆ 50 ಕೆ.ಜಿ.ಯ 25ರಿಂದ 30 ಚೀಲ ಮೆಕ್ಕೆಜೋಳ ಬೇಕು. ನಮ್ಮ ರಾಗಿಮುದ್ದೆಯ ಹಾಗೆ ಅವರಿಗೆ ದಿನವೂ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನ್ಸಿಮಾ. ಒಂದು ಎಕರೆಗೆ 10 ಕೆ.ಜಿ. ಬೀಜ, ಬುಡಗೊಬ್ಬರ ಒಂದು ಚೀಲ, ಯೂರಿಯಾ ಒಂದು ಚೀಲವನ್ನು ಸಾಲವಾಗಿ ಕೊಡುತ್ತೇವೆ; ಸುಗ್ಗಿಯಲ್ಲಿ ಮೆಕ್ಕೆಜೋಳವಾಗಿ ಸಭೆಯ ಕಣಜಕ್ಕೆ ವಾಪಸ್, ಅಲ್ಲಿಂದ ವಿಧವೆಯರಿಗೆ. ಬದುಗಳ ನಡುವೆ 75 ಸೆಂ.ಮೀ., ಗುಳಿಯಿಂದ ಗುಳಿಗೆ 25 ಸೆಂ.ಮೀ., ಗುಳಿಗೊಂದೇ ಕಾಳು. ಯೂರಿಯಾ ಮೊಳಕೆಯೊಡೆದ ಮೂರು ವಾರಕ್ಕೆ ಬೀಳಬೇಕು. ದಾನಿಗಳ ಹಣ ಫೆಬ್ರವರಿಯಲ್ಲಿ ತಲುಪಿದರೆ ಆ ಗೊಬ್ಬರದಿಂದ ಆ ವರ್ಷ ಪ್ರಯೋಜನವಿಲ್ಲ. ಅಕ್ಟೋಬರ್‌ಗೆ ಮೊದಲೇ ಖರೀದಿ ಮುಗಿಸುತ್ತೇವೆ.

ನೆರವನ್ನು ಮಲಾವಿಯ ಹಣವಾದ ಕ್ವಾಚಾದಲ್ಲಿ ಮಾತುಕೊಡಬೇಡಿ. ಇಷ್ಟು ತಗಡು, ಇಷ್ಟು ಚೀಲ ಎಂದು ಹೇಳಿ. 2023ರ ನವೆಂಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಕ್ವಾಚಾವನ್ನು ಅಪಮೌಲ್ಯ ಮಾಡಿ ಡಾಲರ್ ಸುಮಾರು ಶೇ. 44 ದುಬಾರಿಯಾದಾಗ ಕ್ವಾಚಾದಲ್ಲಿ ಮಾತುಕೊಟ್ಟವರೆಲ್ಲ ಅರ್ಧ ಮಾಡಿನಲ್ಲಿ ನಿಂತರು. ಕರ್ನಾಟಕದಿಂದ ಹಣ ಕಳಿಸುವವರಿಗೆ ಇನ್ನೊಂದು ಮಾತು: ನೋಂದಾಯಿತ ಟ್ರಸ್ಟ್ ಭಾರತದ ಹೊರಗೆ ಖರ್ಚು ಮಾಡಿದ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಲೆಕ್ಕಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ.

ಪ್ರಸಂಗ ಮಾಡುವವರ ತರಬೇತಿ ಜೂನ್‌ನಿಂದ ಆಗಸ್ಟ್ ಒಳಗೆ, ವಾರದ ಮಧ್ಯೆ ಮೂರು ದಿನ. ಒಬ್ಬ ಅಬುಸಾನ ಕೆಳಗೆ ಹಲವು ಪ್ರಾರ್ಥನಾಮಂದಿರಗಳಿರುವುದರಿಂದ ಬಹುತೇಕ ಭಾನುವಾರ ಪ್ರಸಂಗ ಮಾಡುವವರು ಹಿರಿಯರೇ. ಅವರನ್ನೇ ಕರೆಯುತ್ತೇವೆ. ಊರಲ್ಲಿ ಸಾವಾದರೆ ಆ ದಿನ ಪಾಠ ಇಲ್ಲ, ಇಡೀ ಊರು ಅಲ್ಲಿಗೆ ಹೋಗುತ್ತದೆ, ನೀವೂ ಹೋಗಿ. 1922ರ ಬುಕು ಲೊಪಾಟುಲಿಕಾ ಮತ್ತು 1998ರ ಬುಕು ಲೊಯೆರಾ ಎರಡೂ ಚಿಚೆವಾ ಸತ್ಯವೇದಗಳು ಮೇಜಿನ ಮೇಲಿರಲಿ. ವಯಸ್ಸಾದವರ ಬಾಯಲ್ಲಿರುವುದು ಹಳೆಯದು.

ಸೈಕಲ್ ಕೊಡುವುದಾದರೆ ನಮ್ಮಲ್ಲಿ ಹಾಲಿನವರು ತುಳಿಯುತ್ತಿದ್ದಂಥ ಗಟ್ಟಿ ಸಾದಾ ಸೈಕಲ್. ವಿದೇಶದಿಂದ ಬಂದ ಗೇರ್ ಸೈಕಲ್ಲಿಗೆ ಹಳ್ಳಿಯ ಸಂತೆಯಲ್ಲಿ ಟೈರ್ ಸಿಗುವುದಿಲ್ಲ. ಜೊತೆಗೆ ಎರಡು ಟ್ಯೂಬ್, ಒಂದು ಟೈರ್, 12 ಕಡ್ಡಿ, ಪಂಪು. ಅದು ಯಾರ ಸೊತ್ತು ಎಂಬುದನ್ನು ಕೊಡುವ ದಿನವೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಹಿರಿಯರ ಜೊತೆ ಪಾಸ್ಟರ್ ಹೆಂಡತಿಯ ಸಹಿಯನ್ನೂ ಹಾಕಿಸುತ್ತೇವೆ. ಗಂಡ ತೀರಿಕೊಂಡರೆ ಅವನ ಕಡೆಯವರು ಮೊದಲು ಕೇಳುವುದು ಸೈಕಲ್ಲನ್ನೇ.