ಸಿಟಿಯೋ, ಸಬರ್ಬೋ? ಷಿಕಾಗೊಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಪ್ರತಿ ಬೇಸಿಗೆಯಲ್ಲೂ ನಮ್ಮ ಕನ್ನಡ ಕೂಟದವರಿಗೆ ಬರುವ ಮೊದಲ ಪ್ರಶ್ನೆ ಇದೇ: "ನೇಪರ್‌ವಿಲ್ ಕಡೆ ಮನೆ ತಗೊಳ್ಳೋದಾ, ಇಲ್ಲ ಸಿಟಿಯಲ್ಲೇ ಇರೋದಾ?" ನಮ್ಮ ಉತ್ತರವೂ ಬದಲಾಗಿಲ್ಲ. ಮೊದಲ ವರ್ಷ ಎಲ್ಲೂ ತಗೋಬೇಡಿ. ಬಾಡಿಗೆಗೆ ಇರಿ. ಒಂದು ಚಳಿಗಾಲ ಪೂರ್ತಿ ಕಳೆಯಲಿ. ಜೂನ್‌ನಲ್ಲಿ ಹಸಿರು ಹುಲ್ಲು, ಹಿಂದೆ ಪುಟ್ಟ ಕೆರೆ ನೋಡಿ ಸಹಿ ಹಾಕಿದವರು ಫೆಬ್ರುವರಿಯಲ್ಲಿ ಫೋನ್ ಮಾಡಿ ಗೋಳಾಡುವುದನ್ನು ಸಾಕಷ್ಟು ಕೇಳಿದ್ದೇವೆ.

ವಿಳಾಸ ನಂಬಬೇಡಿ

ಕೆಂಗೇರಿಯಲ್ಲಿದ್ದರೂ ಯಲಹಂಕದಲ್ಲಿದ್ದರೂ ನೀವು ಬೆಂಗಳೂರಿನವರೇ. ಇಲ್ಲಿ ಹಾಗಲ್ಲ. ನೇಪರ್‌ವಿಲ್, ಅರೋರಾ, ಷಾಂಬರ್ಗ್, ಪ್ಯಾಲಟೈನ್ ಎಲ್ಲ ಬೇರೆ ಬೇರೆ ಊರುಗಳು. ಆಡಳಿತ ಬೇರೆ, ಪೊಲೀಸ್ ಬೇರೆ, ತೆರಿಗೆಯೂ ಬೇರೆ. ಶಾಲೆಯ ಡಿಸ್ಟ್ರಿಕ್ಟ್ ಅಂತೂ ಊರಿನ ಗಡಿಯನ್ನೂ ಲೆಕ್ಕಕ್ಕೆ ಇಡುವುದಿಲ್ಲ. ನೇಪರ್‌ವಿಲ್ ವಿಳಾಸದ ಮನೆ ಶಾಲಾ ಡಿಸ್ಟ್ರಿಕ್ಟ್ 203ಕ್ಕೆ ಸೇರಿರಬಹುದು, 204ಕ್ಕೆ ಸೇರಿರಬಹುದು, ದಕ್ಷಿಣದ ತುದಿಯಲ್ಲಾದರೆ ಪ್ಲೇನ್‌ಫೀಲ್ಡ್‌ನ 202ಕ್ಕೂ ಸೇರಿರಬಹುದು. ಅತ್ತ 204ರ ಮೆಟಿಯಾ ವ್ಯಾಲಿ ಹೈಸ್ಕೂಲ್ ಇರುವುದು ಅರೋರಾದಲ್ಲಿ. ಆದ್ದರಿಂದ ಅರೋರಾ ಅಂದ ಕೂಡಲೇ ಮೂಗು ಮುರಿಯಬೇಡಿ. ಏಜೆಂಟ್ ಏನೇ ಹೇಳಲಿ, ಡಿಸ್ಟ್ರಿಕ್ಟ್‌ನವರನ್ನೇ ಕೇಳಿ, ಮನೆ ನಂಬರ್ ಸಮೇತ.

ಇನ್ನೊಂದು ಮಾತು. ಶಾಲೆಗೆ 10ಕ್ಕೆ 9 ರೇಟಿಂಗ್ ಬಂದರೆ ಮುಖ ಸಪ್ಪಗೆ ಮಾಡುವವರು ನಮ್ಮಲ್ಲಿ ಜಾಸ್ತಿ. 8 ಇರುವ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳೂ ಚೆನ್ನಾಗೇ ಇದ್ದಾರೆ.

ರೈಲು

ಸಿಟಿಯಲ್ಲಿ ಕೆಲಸವಿದ್ದರೆ ಮೊದಲು ಮೆಟ್ರಾ (ಸಬರ್ಬ್‌ಗಳಿಂದ ಸಿಟಿಗೆ ಓಡುವ ರೈಲು) ನಕ್ಷೆ ನೋಡಿ, ಆಮೇಲೆ ಮನೆ ನೋಡಿ. ನೇಪರ್‌ವಿಲ್, ಅರೋರಾ ಕಡೆಯ ಬಿಎನ್‌ಎಸ್‌ಎಫ್ ಲೈನ್ ಯೂನಿಯನ್ ಸ್ಟೇಷನ್‌ಗೆ ಬರುತ್ತದೆ. ಷಾಂಬರ್ಗ್‌ನ ಲೈನ್ ಕೂಡ ಅಲ್ಲಿಗೇ. ಪ್ಯಾಲಟೈನ್, ಆರ್ಲಿಂಗ್ಟನ್ ಹೈಟ್ಸ್ ಕಡೆಯದು ಪಕ್ಕದ ಓಗಿಲ್ವಿಗೆ. ಎಕ್ಸ್‌ಪ್ರೆಸ್ ಸಿಕ್ಕರೆ ರೂಟ್ 59 ಸ್ಟೇಷನ್‌ನಿಂದ ಒಂದು ಗಂಟೆಯೊಳಗೆ ತಲುಪಬಹುದು. ಎಲ್ಲ ಕಡೆ ನಿಲ್ಲುವ ಗಾಡಿಯಾದರೆ ಅದಕ್ಕಿಂತ ಜಾಸ್ತಿ. ಮನೆಯಿಂದ ಸ್ಟೇಷನ್, ಪಾರ್ಕಿಂಗ್ ಹುಡುಕಾಟ, ಇಳಿದ ಮೇಲೆ ಮಿಶಿಗನ್ ಅವೆನ್ಯೂವರೆಗಿನ ನಡಿಗೆ ಇವನ್ನೂ ಸೇರಿಸಿ. ಜನವರಿಯ ಗಾಳಿಯಲ್ಲಿ ಆ ನಡಿಗೆ ತುಂಬಾ ಉದ್ದ. ವಾರಕ್ಕೆ ಎರಡು ದಿನ ಆಫೀಸಾದರೆ ಸಹಿಸಬಹುದು. ಐದು ದಿನವಾದರೆ, ಮಕ್ಕಳು ಚಿಕ್ಕವರಾದರೆ, ಸಿಟಿಯ ಸಣ್ಣ ಅಪಾರ್ಟ್‌ಮೆಂಟೇ ಮೇಲು ಅನ್ನುವವರ ಗುಂಪಿನಲ್ಲಿ ಈ ಸಾಲು ಬರೆಯುತ್ತಿರುವವರೂ ಇದ್ದಾರೆ.

ಕ್ವೈಟ್ ಕಾರ್ ಎಂಬ ಬೋಗಿಯಲ್ಲಿ ಕೂತು ಊರಿಗೆ ಸ್ಪೀಕರ್ ಹಾಕಿ ಫೋನ್ ಮಾಡಬೇಡಿ. ದಯವಿಟ್ಟು.

ಆಸ್ತಿ ತೆರಿಗೆ: ಇದನ್ನು ಎರಡು ಸಲ ಓದಿ

ಮನೆಯ ಬೆಲೆ ನೋಡಿ "ಕ್ಯಾಲಿಫೋರ್ನಿಯಾಗಿಂತ ಎಷ್ಟು ಅಗ್ಗ" ಅಂತ ಕುಣಿಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಇಲಿನಾಯ್‌ನ ಆಸ್ತಿ ತೆರಿಗೆ ಇಡೀ ದೇಶದಲ್ಲೇ ತೀರ ಜಾಸ್ತಿ ಇರುವವುಗಳಲ್ಲಿ ಒಂದು. ನಮ್ಮ ಸಬರ್ಬ್‌ಗಳಲ್ಲಿ ಅಂದಾಜು ಮನೆ ಬೆಲೆಯ ಶೇಕಡ 2 ಅಂದುಕೊಳ್ಳಿ. ಐದು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 10,000 ಡಾಲರ್, ಅಂದರೆ ಕಂತಿನ ಮೇಲೆ ತಿಂಗಳಿಗೆ 800ಕ್ಕೂ ಜಾಸ್ತಿ. ಸಾಲ ತೀರಿದರೂ ಇದು ತೀರುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಶಾಲೆಗಳಿಗೆ. ನಿಮ್ಮ ಮಕ್ಕಳು ಕಾಲೇಜು ಮುಗಿಸಿದರೂ ಕಟ್ಟುತ್ತಲೇ ಇರಬೇಕು.

ಈ ವರ್ಷ ಬರುವ ಬಿಲ್ ಹೋದ ವರ್ಷದ್ದು. ಹಾಗಾಗಿ ಹಳೆ ಮಾಲೀಕರು ಇದ್ದ ದಿನಗಳ ತೆರಿಗೆಯನ್ನು ಕ್ಲೋಸಿಂಗ್ ದಿನವೇ, ಅಂದರೆ ಮನೆ ನಿಮ್ಮ ಹೆಸರಿಗಾಗುವ ದಿನವೇ, ನಿಮಗೆ ಕ್ರೆಡಿಟ್ ಆಗಿ ಕೊಡಬೇಕು. ಲಾಯರ್ ನೋಡಿಕೊಳ್ಳುತ್ತಾರೆ, ನಿಜ. ನೀವೂ ಆ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಅನ್ನಿ.

ಹೊಸದಾಗಿ ಕಟ್ಟಿದ ಮನೆಯಾದರೆ ಇನ್ನೂ ಹುಷಾರು. ಮೊದಲ ಬಿಲ್ ಬರೀ ಖಾಲಿ ಸೈಟಿನದ್ದಾಗಿರುತ್ತದೆ. ಕೆಲವು ನೂರು ಡಾಲರ್ ನೋಡಿ ಖುಷಿಪಟ್ಟು ಸೋಫಾ ತರುತ್ತಾರೆ. ಆಮೇಲೆ ಮನೆ ಸೇರಿದ ಬಿಲ್ ಬರುತ್ತದೆ. ಬ್ಯಾಂಕಿನವರು ಎಸ್ಕ್ರೋದಲ್ಲಿ (ತೆರಿಗೆಗೆಂದು ಕಂತಿನ ಜೊತೆ ಕೂಡಿಡುವ ಖಾತೆ) ಹಣ ಸಾಲದು ಅಂತ ಹಿಂದಿನದೂ ಮುಂದಿನದೂ ಸೇರಿಸಿ ಕಂತು ಏರಿಸುತ್ತಾರೆ. ನಮ್ಮಲ್ಲೇ ಎಷ್ಟೋ ಮನೆಗಳಲ್ಲಿ ಆ ವರ್ಷ ಊರಿಗೆ ಹೋಗುವ ಟಿಕೆಟ್ ರದ್ದಾಗಿದೆ. ನೀವೇ ವಾಸವಿರುವ ಮನೆಗೆ ತೆರಿಗೆಯಲ್ಲಿ ಹೋಮ್‌ಸ್ಟೆಡ್ ವಿನಾಯಿತಿ ಇದೆ. ತಾನಾಗಿ ಬರುತ್ತದೆ ಅಂತ ಕೂರಬೇಡಿ, ಕೌಂಟಿಯಲ್ಲಿ ವಿಚಾರಿಸಿ ಅರ್ಜಿ ಹಾಕಿ.

ಎಚ್‌1ಬಿ ಕೆಲಸದ ವೀಸಾದಲ್ಲಿ ಇದ್ದೀರಾ? ಕೆಲಸ ಹೋದರೆ, ಬೇರೆ ಕೆಲಸ ಸಿಗದಿದ್ದರೆ, ಇಲ್ಲಿರಲು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹಿಮದ ನಡುವೆ ಮನೆ ಮಾರುವುದು, ಮಕ್ಕಳ ಶಾಲೆ, ಕಾರು, ಎಲ್ಲ ಆಗಬೇಕು. ಗಾಬರಿ ಹುಟ್ಟಿಸಲು ಹೇಳುತ್ತಿಲ್ಲ. ಆದರೆ ಕೈಯಲ್ಲಿದ್ದ ಉಳಿತಾಯವನ್ನೆಲ್ಲ ಡೌನ್ ಪೇಮೆಂಟಿಗೆ ಸುರಿಯಬೇಡಿ.

ಬೇಸ್‌ಮೆಂಟ್

ಮನೆ ತೋರಿಸುವಾಗ ಎಲ್ಲರೂ ಅಡುಗೆಮನೆಯ ಗ್ರಾನೈಟ್ ಸವರುತ್ತಾರೆ. ನೀವು ನೇರ ಕೆಳಗೆ ಇಳಿಯಿರಿ. ಮೂಲೆಯಲ್ಲಿ ಮುಚ್ಚಳ ಹಾಕಿದ ಒಂದು ಗುಂಡಿ ಇರುತ್ತದೆ, ಒಳಗೆ ಸಂಪ್ ಪಂಪ್. ಮಳೆನೀರು ಇಳಿದು ಗುಂಡಿ ತುಂಬಿದಾಗ ಫ್ಲೋಟ್ ಮೇಲೇಳುತ್ತದೆ, ಮೋಟಾರ್ ಗುರ್ ಅಂತ ಶುರುವಾಗಿ ನೀರನ್ನು ಹೊರಗೆ ತಳ್ಳುತ್ತದೆ. ಜೋರು ಗುಡುಗು ಮಳೆಯಲ್ಲೇ ಕರೆಂಟ್ ಹೋಗುವುದೂ. ಬ್ಯಾಟರಿ ಬ್ಯಾಕಪ್ ಇಲ್ಲದಿದ್ದರೆ ಬೆಳಗ್ಗೆ ಕಾರ್ಪೆಟ್ ಮೇಲೆ ಕಾಲಿಟ್ಟರೆ ಪಚ್ ಅನ್ನುತ್ತದೆ. ಊರಿಂದ ತಂದ ಸೀರೆ ಪೆಟ್ಟಿಗೆ, ತಂಬೂರಿ, ಮದುವೆ ಆಲ್ಬಮ್ ಎಲ್ಲ ಅಲ್ಲೇ ನೆಲದ ಮೇಲೆ ಇಟ್ಟಿರುತ್ತೀರಿ, ಅಲ್ವಾ? ಗುಂಡಿಗೆ ಒಂದು ಬಕೆಟ್ ನೀರು ಸುರಿದು ಪಂಪ್ ಓಡುತ್ತದಾ ಅಂತ ಆಗಾಗ ನೋಡಿ. ವಿಮೆಯಲ್ಲಿ "ವಾಟರ್ ಬ್ಯಾಕಪ್" ಅನ್ನುವುದನ್ನು ಬೇರೆಯಾಗಿ ಸೇರಿಸಬೇಕು. ಸಾಮಾನ್ಯ ಪಾಲಿಸಿಯಲ್ಲಿ ಅದು ಇರುವುದಿಲ್ಲ.

ರೇಡಾನ್ ಪರೀಕ್ಷೆ ಮಾಡಿಸಿ. ಈ ಭಾಗದ ಮಣ್ಣಿನಿಂದ ಬರುವ, ವಾಸನೆಯಿಲ್ಲದ ವಿಕಿರಣ ಅನಿಲ ಅದು. ಲೀಟರ್ ಗಾಳಿಗೆ 4 ಪಿಕೊಕ್ಯೂರಿ ದಾಟಿದರೆ ಅದನ್ನು ಹೊರಗೆ ಎಳೆಯುವ ಫ್ಯಾನ್ ಹಾಕಿಸಬೇಕು.

ದಿಕ್ಕು, ಅಡುಗೆ

ಪೂರ್ವಕ್ಕೆ ಬಾಗಿಲು ಇರಬೇಕು ಅಂತ ಒಂದೇ ಮನೆಗೆ ನಾಲ್ಕು ಭಾರತೀಯ ಕುಟುಂಬಗಳು ಜಗಳಕ್ಕೆ ಬಿದ್ದು ಬೆಲೆ ಏರಿಸುತ್ತವೆ. ವಾಸ್ತು ನಿಮ್ಮಿಷ್ಟ. ಆದರೆ ಉತ್ತರಕ್ಕೆ ಮುಖ ಮಾಡಿದ ಡ್ರೈವ್‌ವೇಯಲ್ಲಿ ಬಿಸಿಲು ಬೀಳುವುದಿಲ್ಲ, ಮಂಜುಗಡ್ಡೆ ವಾರಗಟ್ಟಲೆ ಕರಗುವುದಿಲ್ಲ. ಒಲೆ ಮೇಲಿನ ಎಕ್ಸಾಸ್ಟ್ ಗಾಳಿಯನ್ನು ಹೊರಗೆ ಬಿಡುತ್ತದಾ, ಅಥವಾ ತಿರುಗಿಸಿ ಅಡುಗೆಮನೆಗೇ ಊದುತ್ತದಾ, ನೋಡಿ. ಎರಡನೇ ಜಾತಿಯದಾದರೆ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ ಕೂಡಲೇ ಸ್ಮೋಕ್ ಅಲಾರಂ. ಆಸ್ವಿಗೊ, ಯಾರ್ಕ್‌ವಿಲ್ ಕಡೆ ಈವರೆಗೆ ಬಾವಿ ನೀರೇ, ಲೇಕ್ ಮಿಶಿಗನ್ ನೀರು ತರಿಸುವ ಕೆಲಸ ನಡೆದಿದೆ. ಬಾವಿಯ ಗಡಸು ನೀರಿಗೆ ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರ್ ಬೈಯಬೇಡಿ.

ಅಪ್ಪ ಅಮ್ಮ ಬಂದಾಗ

ಯಾರೂ ಕೇಳದ ಪ್ರಶ್ನೆ ಇದು. ಮೈಸೂರಲ್ಲೋ ದಾವಣಗೆರೆಯಲ್ಲೋ ಅವರು ಬೆಳಗ್ಗೆ ಹಾಲು ತರುತ್ತಾರೆ, ಸಂಜೆ ದೇವಸ್ಥಾನಕ್ಕೆ ನಡೆಯುತ್ತಾರೆ, ದಾರಿಯಲ್ಲಿ ನಾಲ್ಕು ಜನರ ಹತ್ತಿರ ಮಾತಾಡುತ್ತಾರೆ. ಇಲ್ಲಿ ನೀವಿಬ್ಬರೂ ಕೆಲಸಕ್ಕೆ ಹೋದರೆ ಅವರು ದೊಡ್ಡ ಮನೆಯೊಳಗೆ ಬಂದಿ. ಕಾಲುದಾರಿ ಇದೆ, ಆದರೆ ಸಬ್‌ಡಿವಿಷನ್ ಒಳಗೇ ಸುತ್ತಿ ಮತ್ತೆ ನಿಮ್ಮ ಮನೆ ಮುಂದೆಯೇ ಬಂದು ನಿಲ್ಲುತ್ತದೆ. ನಮ್ಮ ಅಂಗಡಿಗಳಿರುವ ಸಿಟಿಯ ಡೆವನ್ ಅವೆನ್ಯೂ ಹತ್ತಿರ ಇದ್ದರೆ ಅವರೇ ನಡೆದು ಹೋಗಿ ಕರಿಬೇವು ತರಬಹುದು. ಸಬರ್ಬೇ ಆಗಬೇಕೆಂದರೆ ಡೌನರ್ಸ್ ಗ್ರೋವ್, ಆರ್ಲಿಂಗ್ಟನ್ ಹೈಟ್ಸ್ ಥರ ಸ್ಟೇಷನ್ ಸುತ್ತ ಹಳೆ ಪೇಟೆ ಇರುವ ಊರು ನೋಡಿ. ಮನೆ ಚಿಕ್ಕದು, ಹಳೆಯದು, ಬಾತ್‌ರೂಮ್ ಒಂದು ಕಡಿಮೆ. ಇರಲಿ ಬಿಡಿ. ಲೈಬ್ರರಿಗೆ ನಡೆದು ಹೋಗಬಹುದಾದರೆ ಅರ್ಧ ಗೆದ್ದಂತೆ. ಲೆಮಾಂಟ್ ರಾಮ ಮಂದಿರ, ಅರೋರಾದ ಬಾಲಾಜಿ ದೇವಸ್ಥಾನ, ಎರಡಕ್ಕೂ ಕಾರು ಬೇಕೇ ಬೇಕು.

ಚೂರುಪಾರು

- ಕಾರಿಗೆ ಐ-ಪಾಸ್ (ಟೋಲ್ ಕಟ್ಟುವ ಟ್ಯಾಗ್) ತಗೊಳ್ಳಿ. ಇಲ್ಲದಿದ್ದರೆ ಟೋಲ್ ದುಪ್ಪಟ್ಟು.
- ಕಿಂಡರ್‌ಗಾರ್ಟನ್‌ಗೆ ಸೆಪ್ಟೆಂಬರ್ 1ರೊಳಗೆ 5 ವರ್ಷ ತುಂಬಿರಬೇಕು. ಲಸಿಕೆ ಕಾರ್ಡ್ ಊರಿಂದಲೇ ತನ್ನಿ.
- ಅನೇಕ ಸಬರ್ಬ್‌ಗಳಲ್ಲಿ ರಾತ್ರಿ ರಸ್ತೆ ಬದಿ ಕಾರು ನಿಲ್ಲಿಸುವಂತಿಲ್ಲ. ಗಣೇಶ ಹಬ್ಬದ ಊಟ ಮುಗಿದು ಹರಟೆ ಉದ್ದವಾದಾಗ ನೆನಪಿರಲಿ.
- ಅಪ್ಪ ಅಮ್ಮನಿಗೆ ವಿಸಿಟರ್ ವಿಮೆ, ಅವರು ವಿಮಾನ ಹತ್ತುವ ಮುಂಚೆಯೇ.
- ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10ಕ್ಕೆ ಸುಂಟರಗಾಳಿ ಎಚ್ಚರಿಕೆಯ ಸೈರನ್ ಕೂಗಿದರೆ ಅದು ಟೆಸ್ಟ್. ಬೇರೆ ಹೊತ್ತಲ್ಲಿ ಕೂಗಿದರೆ ಸುಮ್ನೆ ಬಾಲ್ಕನಿಗೆ ಹೋಗಿ ವಿಡಿಯೊ ಮಾಡಬೇಡಿ, ಬೇಸ್‌ಮೆಂಟಿಗೆ ಇಳಿಯಿರಿ.

ಮನೆ ನೋಡಲು ಜೊತೆಗೆ ಬರುವ ಸ್ವಯಂಸೇವಕರು ಕೂಟದಲ್ಲಿದ್ದಾರೆ, ದುಡ್ಡು ಕೊಡಬೇಕಿಲ್ಲ. ಶನಿವಾರ ಬೆಳಗ್ಗೆ ಬಿಡುವಿರುತ್ತದೆ. 10ಕ್ಕೆ ಅಂದರೆ 10ಕ್ಕೇ ಬನ್ನಿ.