ಒಲೆಯ ಕೆಲಸವನ್ನು ಚಾಕುವಿಗೆ ಒಪ್ಪಿಸಿದ ಮೇಲೆ

ಹಸಿ ಆಹಾರವನ್ನು ಆರಂಭಿಸಬೇಕೆಂದುಕೊಂಡಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಕೊಳ್ಳಬೇಕಾದ ಯಂತ್ರಗಳ ಪಟ್ಟಿ ಬರೆದದ್ದು. ಭಾರೀ ಮೋಟಾರಿನ ಬ್ಲೆಂಡರ್, ನಿಧಾನವಾಗಿ ತಿರುಗುವ ಜ್ಯೂಸರ್, ಹಣ್ಣು ತರಕಾರಿಗಳನ್ನು ಒಣಗಿಸುವ ಡಿಹೈಡ್ರೇಟರ್, ತರಕಾರಿಯನ್ನು ಎಳೆಎಳೆಯಾಗಿ ಸುರುಳಿ ತೆಗೆಯುವ ಉಪಕರಣ ಎಂದು ಆ ಪಟ್ಟಿ ಬೆಳೆಯುತ್ತಲೇ ಹೋಯಿತು. ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆ ಆ ವಿಚಾರವನ್ನು ಏಳು ತಿಂಗಳು ಮರೆತುಬಿಟ್ಟಿದ್ದೆ. ಮತ್ತೆ ಕೈಹಾಕಿದಾಗ ಅಡುಗೆಮನೆಯಲ್ಲಿ ಇದ್ದದ್ದು ಒಂದು ಮೊಂಡು ಚಾಕು, ಒಂದು ತುರಿಯುವ ಮಣೆ, ಹಳೆಯ ಮಿಕ್ಸಿ ಮತ್ತು ಖಾಲಿಯಾದ ಕೆಲವು ಗಾಜಿನ ಜಾಡಿಗಳು. ಎರಡು ವರ್ಷಗಳ ನಂತರ ಇಂದಿಗೂ ನನ್ನ ಹಸಿ ಆಹಾರ ಹೆಚ್ಚುಕಡಿಮೆ ಅವುಗಳ ಮೇಲೆಯೇ ನಡೆಯುತ್ತಿದೆ.

ಸಾಮಾನ್ಯವಾಗಿ 40ರಿಂದ 48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗದ ಆಹಾರವನ್ನು ಹಸಿ ಆಹಾರವೆಂದು ಕರೆಯುವುದು ಈ ಪದ್ಧತಿಯವರ ರೂಢಿ. ಅದಕ್ಕಿಂತ ಹೆಚ್ಚು ಬಿಸಿಯಾದರೆ ಕಿಣ್ವಗಳು ನಾಶವಾಗುತ್ತವೆ ಎಂಬುದು ಅವರು ಕೊಡುವ ಕಾರಣ. ಆದರೆ ತಿಂದ ಆಹಾರದ ಕಿಣ್ವಗಳು ಬಹುಮಟ್ಟಿಗೆ ಜಠರದ ಆಮ್ಲದಲ್ಲಿಯೇ ಕೆಡುತ್ತವೆ, ಜೀರ್ಣಕ್ರಿಯೆಯನ್ನು ನಡೆಸುವುದು ನಮ್ಮ ದೇಹವೇ ಸ್ರವಿಸುವ ಕಿಣ್ವಗಳು. ಹಾಗಾಗಿ ಆ ವಾದ ನನ್ನನ್ನು ಎಂದೂ ಒಪ್ಪಿಸಿಲ್ಲ. ದಿನದಲ್ಲಿ ತಿನ್ನುವ ಹಣ್ಣು ತರಕಾರಿಗಳ ಪಾಲು ಹೆಚ್ಚಬೇಕು, ಕುದಿಯುವ ನೀರಿನೊಂದಿಗೆ ಸಿ ಜೀವಸತ್ವವನ್ನು ಚೆಲ್ಲುವುದು ತಪ್ಪಬೇಕು ಎಂಬಷ್ಟೇ ನನ್ನ ಉದ್ದೇಶವಾಗಿತ್ತು.

ಮೊದಲ ವಾರದಲ್ಲಿಯೇ ಸೋತೆ. ದಪ್ಪದಪ್ಪ ಹೋಳುಗಳನ್ನು ಜಗಿದು ಜಗಿದು ದವಡೆ ನೋಯುತ್ತಿತ್ತು, ಹೊಟ್ಟೆ ಉಬ್ಬರಿಸುತ್ತಿತ್ತು, ತಟ್ಟೆಯಲ್ಲಿದ್ದದ್ದು ಊಟವೆಂದು ಅನಿಸುತ್ತಲೇ ಇರಲಿಲ್ಲ. ಒಲೆ ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೇನು ಎಂದು ಆಗ ಯೋಚಿಸಬೇಕಾಯಿತು. ಅದು ತರಕಾರಿಯ ನಾರನ್ನು ಮೆತ್ತಗಾಗಿಸುತ್ತಿತ್ತು, ಕಾಳನ್ನು ತಿನ್ನುವಂತೆ ಮಾಡುತ್ತಿತ್ತು, ರೋಗಾಣುಗಳನ್ನು ಕೊಲ್ಲುತ್ತಿತ್ತು. ಒಲೆಯನ್ನು ಬಿಡುವುದಾದರೆ ಈ ಒಂದೊಂದು ಕೆಲಸಕ್ಕೂ ಬದಲಿ ವ್ಯವಸ್ಥೆ ಬೇಕು. ಆ ದೃಷ್ಟಿಯಿಂದ ಅಡುಗೆಮನೆಯನ್ನು ನೋಡಿದಾಗ, ನಾನು ಬರೆದಿದ್ದ ಪಟ್ಟಿ ತಲೆಕೆಳಗಾಗಿದೆ ಎಂದು ತಿಳಿಯಿತು.

ಮೆತ್ತಗಾಗಿಸುವ ಕೆಲಸದ ಬಹುಪಾಲನ್ನು ಹರಿತವಾದ ಚಾಕುವೇ ಮಾಡಬಲ್ಲದು. ಎಲೆಕೋಸನ್ನು ಬೆರಳಿನಷ್ಟು ಅಗಲಕ್ಕೆ ಹೆಚ್ಚಿದರೆ ಅದು ಜಗಿಯುವ ಶಿಕ್ಷೆ. ಕೂದಲಿನ ಎಳೆಯಷ್ಟು ತೆಳ್ಳಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಉದುರಿಸಿ, ಎರಡು ನಿಮಿಷ ಕೈಯಿಂದ ಹಿಸುಕಿ, ಹತ್ತು ನಿಮಿಷ ಬಿಟ್ಟರೆ ಅದೇ ಎಲೆಕೋಸು ನೀರು ಬಿಟ್ಟುಕೊಂಡು ಬಾಡಿ, ಬಟ್ಟಲಿನಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಉಪ್ಪು ಜೀವಕೋಶಗಳೊಳಗಿನ ನೀರನ್ನು ಹೊರಗೆಳೆಯುತ್ತದೆ, ಎಳೆ ತೆಳ್ಳಗಾದಷ್ಟೂ ಉಪ್ಪು ತಾಗುವ ಮೈ ಹೆಚ್ಚುತ್ತದೆ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳಿಗೂ ಇದೇ ಉಪಾಯ ನಡೆಯುತ್ತದೆ.

ಚಾಕುವನ್ನು ಹರಿತ ಮಾಡಲು ಸಾಣೆಕಲ್ಲು ಕೂಡ ನನ್ನ ಬಳಿ ಇರಲಿಲ್ಲ. ಪಿಂಗಾಣಿ ಲೋಟವನ್ನು ಬೋರಲು ಹಾಕಿದರೆ ಅದರ ತಳದಲ್ಲಿ ಮೆರುಗು ಹಚ್ಚದ ಒಂದು ಒರಟು ಬಳೆ ಕಾಣಿಸುತ್ತದೆ. ಲೋಟದ ಕೆಳಗೆ ಒದ್ದೆ ಬಟ್ಟೆ ಹಾಸಿ ಅದು ಜಾರದಂತೆ ಮಾಡಿ, ಚಾಕುವಿನ ಅಲಗನ್ನು ಸುಮಾರು 20 ಡಿಗ್ರಿ ಓರೆಯಾಗಿ ಹಿಡಿದು, ಬುಡದಿಂದ ತುದಿಯವರೆಗೆ ಒಂದೇ ಹದವಾದ ಒತ್ತಡದಲ್ಲಿ ಆ ಬಳೆಯ ಮೇಲೆ ಎಳೆಯಬೇಕು. ಒಂದು ಬದಿಗೆ ಹತ್ತು ಸಲ, ಇನ್ನೊಂದು ಬದಿಗೆ ಹತ್ತು ಸಲ. ಬಿಳಿಯ ಬಳೆಯ ಮೇಲೆ ಬೂದು ಗೆರೆ ಮೂಡಿದರೆ ಲೋಹ ಸವೆಯುತ್ತಿದೆ ಎಂದರ್ಥ. ಅಲಗನ್ನು ಒರೆಸಿದ ಮೇಲೆ ಮಾಗಿದ ಟೊಮೆಟೊದ ಮೇಲೆ ಚಾಕುವನ್ನು ಒತ್ತದೆ ಸುಮ್ಮನೆ ಎಳೆಯುತ್ತೇನೆ. ಸಿಪ್ಪೆ ತಾನಾಗಿ ಸೀಳಿದರೆ ಸರಿ, ಜಾರಿದರೆ ಮತ್ತೆ ಲೋಟದ ಬಳಿಗೆ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕಾದ್ದರಿಂದ ಜಾರಿ ಬೆರಳು ಕುಯ್ಯುವುದೂ ಅದೇ. ನನ್ನ ಎಡಗೈಯ ಹೆಬ್ಬೆರಳಿನ ಗಾಯದ ಗುರುತು ಹರಿತ ಮಾಡುವುದಕ್ಕೆ ಮುಂಚಿನ ದಿನಗಳದು.

ತುರಿಯುವ ಮಣೆಯನ್ನು ನಾನು ಬಹಳ ಕಾಲ ಕಡೆಗಣಿಸಿದ್ದೆ. ಹಸಿ ಆಹಾರದ ಆರಂಭಿಕ ಪ್ರಚಾರಕರಲ್ಲಿ ಒಬ್ಬರಾದ ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಚರ್‌ಬೆನ್ನರ್ (1867–1939) ತಮ್ಮ ರೋಗಿಗಳಿಗೆ ಕೊಡುತ್ತಿದ್ದ ಮ್ಯೂಸ್ಲಿ, ಈಗ ಪೊಟ್ಟಣಗಳಲ್ಲಿ ಸಿಗುವ ಒಣ ಮಿಶ್ರಣವಾಗಿರಲಿಲ್ಲ. ನೆನೆಸಿದ ಒಂದು ಚಮಚ ಓಟ್ಸ್, ನಿಂಬೆರಸ, ಸ್ವಲ್ಪ ಗಟ್ಟಿಹಾಲು (ಕಂಡೆನ್ಸ್ಡ್ ಮಿಲ್ಕ್), ಪುಡಿ ಮಾಡಿದ ಬೀಜಗಳು, ಇವುಗಳಿಗೆ ಸಿಪ್ಪೆಸಮೇತ ತುರಿದ ಇಡೀ ಸೇಬು. ಅದರಲ್ಲಿ ಓಟ್ಸ್‌ಗಿಂತ ಸೇಬಿನದೇ ಮೇಲುಗೈ. ಸೇಬನ್ನು ನೇರವಾಗಿ ನಿಂಬೆರಸದ ಮೇಲೆ ತುರಿದು ಕೂಡಲೇ ಕಲಸಿದರೆ ಅದು ಕಂದುಬಣ್ಣಕ್ಕೆ ತಿರುಗುವುದಿಲ್ಲ. ಗಟ್ಟಿಹಾಲಿನ ಬದಲು ಬಾದಾಮಿ ಹಾಲು ಹಾಕಿ ನಾನು ವಾರದಲ್ಲಿ ನಾಲ್ಕು ದಿನ ಇದನ್ನೇ ತಿನ್ನುತ್ತೇನೆ. ಅಂಗಡಿಯ ಓಟ್ಸ್ ಹಬೆಯಲ್ಲಿ ಬೆಂದೇ ಬಂದಿರುತ್ತದೆ ಎಂದು ಕಟ್ಟುನಿಟ್ಟಿನವರು ಆಕ್ಷೇಪಿಸಬಹುದು. ಒಂದು ಚಮಚಕ್ಕಾಗಿ ಜಗಳವಾಡುವ ಉತ್ಸಾಹ ನನಗಿಲ್ಲ.

ಮಿಕ್ಸಿಯನ್ನು ಸುಟ್ಟೇಬಿಡುವ ಹಂತಕ್ಕೆ ಒಮ್ಮೆ ತಂದಿದ್ದೆ. ಒಣ ಬಾದಾಮಿಯನ್ನೂ ಖರ್ಜೂರವನ್ನೂ ಒಟ್ಟಿಗೆ ಹಾಕಿ ಮೂರು ನಿಮಿಷ ಬಿಡದೆ ತಿರುಗಿಸಿದಾಗ ಮೊದಲು ರಬ್ಬರ್ ಸುಟ್ಟ ವಾಸನೆ ಬಂತು, ಆಮೇಲೆ ಮೋಟಾರು ನಿಂತೇ ಹೋಯಿತು. ತಳದಲ್ಲಿರುವ ಕೆಂಪು ಗುಂಡಿಯನ್ನು ಅರ್ಧ ಗಂಟೆ ಬಿಟ್ಟು ಒತ್ತಿದ ಮೇಲೆ ಅದೃಷ್ಟಕ್ಕೆ ಮತ್ತೆ ತಿರುಗಿತು. ದುಬಾರಿ ಬ್ಲೆಂಡರ್ ಬಲದಿಂದ ಮಾಡುವ ಕೆಲಸವನ್ನು ಸಣ್ಣ ಮೋಟಾರಿನಿಂದ ಮಾಡಿಸಬೇಕಾದರೆ ನೀರು ಮತ್ತು ಸಮಯದ ನೆರವು ಬೇಕು ಎಂದು ಅಂದು ಕಲಿತೆ. ಬೀಜಗಳನ್ನು ಎಂಟು ಗಂಟೆ ನೆನೆಸುತ್ತೇನೆ. ಜಾರಿನ ತಳಕ್ಕೆ ಮೊದಲು ನೀರು, ಮೇಲೆ ಮೆತ್ತನೆಯ ಪದಾರ್ಥ, ಕೊನೆಗೆ ಗಟ್ಟಿಯಾದದ್ದು. ಮೂವತ್ತು ಸೆಕೆಂಡು ತಿರುಗಿಸಿ ಒಂದು ನಿಮಿಷ ಬಿಡುತ್ತೇನೆ. ಸೊಪ್ಪಿನ ಪಾನೀಯ ಮಾಡುವಾಗ ಸೊಪ್ಪು ಮತ್ತು ನೀರನ್ನು ಮಾತ್ರ ಮೊದಲು ನುಣ್ಣಗೆ ರುಬ್ಬಿಕೊಂಡು, ಹಣ್ಣನ್ನು ಎರಡನೆಯ ಸುತ್ತಿಗೆ ಹಾಕಿದರೆ ಹಲ್ಲಿಗೆ ಸಿಗುವ ಎಲೆಯ ಚೂರುಗಳು ಉಳಿಯುವುದಿಲ್ಲ. ಒಂದು ಬಟ್ಟಲು ನೆನೆದ ಬಾದಾಮಿಗೆ ಮೂರು ಬಟ್ಟಲು ನೀರು ಹಾಕಿ ರುಬ್ಬಿ ತೆಳುವಾದ ಹತ್ತಿ ಬಟ್ಟೆಯಲ್ಲಿ ಹಿಂಡಿದರೆ ಬಾದಾಮಿ ಹಾಲು ಸಿದ್ಧ. ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸುತ್ತೇನೆ. ಜ್ಯೂಸರ್ ಕೊಳ್ಳುವ ಯೋಚನೆಯನ್ನೂ ಈ ಬಟ್ಟೆಯೇ ಬಿಡಿಸಿತು.

ಕಾಳುಗಳ ವಿಷಯಕ್ಕೆ ಬಂದರೆ, ಅಗಲ ಬಾಯಿಯ ಗಾಜಿನ ಜಾಡಿ, ಒಂದು ತುಂಡು ಬಟ್ಟೆ ಮತ್ತು ರಬ್ಬರ್ ಬ್ಯಾಂಡ್ ಇದ್ದರೆ ಸಾಕು. ಕಾಲು ಬಟ್ಟಲು ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಬಾಯಿಗೆ ಬಟ್ಟೆ ಕಟ್ಟಿದ ಜಾಡಿಯನ್ನು ಓರೆಯಾಗಿ ಬೋರಲು ನಿಲ್ಲಿಸಿ, ದಿನಕ್ಕೆ ಮೂರು ಸಲ ಹೊಸ ನೀರಿನಲ್ಲಿ ತೊಳೆದರೆ ಎರಡು ದಿನಕ್ಕೆ ಸೆಂಟಿಮೀಟರ್ ಉದ್ದದ ಮೊಳಕೆ ಬರುತ್ತದೆ. ನನ್ನ ಮೊದಲ ಜಾಡಿ ಹುಳಿ ನಾತ ಹಿಡಿದು ಅಂಟಂಟಾಯಿತು. ತೊಳೆದದ್ದು ಕಡಿಮೆಯಾಗಿರಲಿಲ್ಲ, ಜಾಡಿಯನ್ನು ನೆಟ್ಟಗೆ ನಿಲ್ಲಿಸಿದ್ದರಿಂದ ತಳದಲ್ಲಿ ಒಂದು ಬೆರಳು ನೀರು ಉಳಿದುಕೊಂಡಿತ್ತು.

ಆದರೆ ಮೊಳಕೆಕಾಳಿನ ವಿಷಯದಲ್ಲಿ ಒಲೆಯ ಕೊರತೆಯನ್ನು ಯಾವ ಜಾಡಿಯೂ ಪೂರ್ತಿ ತುಂಬಲಾರದು. ಬೀಜದ ಬಿರುಕುಗಳಲ್ಲಿ ಅಡಗಿರುವ ಸಾಲ್ಮೊನೆಲ್ಲಾ ಅಥವಾ ಇ. ಕೋಲಿ ಬ್ಯಾಕ್ಟೀರಿಯಾ ತೊಳೆದರೆ ಸಂಪೂರ್ಣ ಹೋಗುವುದಿಲ್ಲ, ಮೊಳಕೆಗೆ ಬೇಕಾದ ಅದೇ ಬೆಚ್ಚಗಿನ ತೇವದಲ್ಲಿ ಅವೂ ಬೆಳೆಯುತ್ತವೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ ಸಾವಿರಾರು ಜನ ತುತ್ತಾಗಿ, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆಯನ್ನು ತಿನ್ನಬಾರದು. ಮನೆಯಲ್ಲಿ ಅಂಥವರು ಊಟಕ್ಕೆ ಕುಳಿತ ದಿನ ಮೊಳಕೆಯನ್ನು ಸಂಕೋಚವಿಲ್ಲದೆ ಬೇಯಿಸುತ್ತೇನೆ. ರಾಜ್ಮಾವನ್ನಂತೂ ಮೊಳಕೆ ಬರಿಸಿದರೂ ಹಸಿಯಾಗಿ ತಿನ್ನುವಂತಿಲ್ಲ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶದಿಂದಾಗಿ ನಾಲ್ಕೈದು ಹಸಿ ಕಾಳುಗಳೇ ವಾಂತಿ ತರಿಸಲು ಸಾಕು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಮಾತ್ರ ಅದು ನಾಶವಾಗುತ್ತದೆ.

ನಾನು ಹಣ ಕೊಟ್ಟು ಕೊಂಡ ಮೊದಲ ಉಪಕರಣ ಒಂದು ಚಿಕ್ಕ ಡಿಜಿಟಲ್ ತಕ್ಕಡಿ, ಅದೂ ಎಲೆಕೋಸನ್ನು ಹುಳಿಬರಿಸುವುದಕ್ಕಾಗಿ. ಒಂದು ಕಿಲೊ ಹೆಚ್ಚಿದ ಎಲೆಕೋಸಿಗೆ 20 ಗ್ರಾಂ ಉಪ್ಪು ಎಂಬ ಲೆಕ್ಕವನ್ನು ಚಮಚದ ಅಂದಾಜಿನಲ್ಲಿ ಹಿಡಿಯಲು ಹೋಗಿ ಎರಡು ಸಲ ಕೆಡಿಸಿದ್ದೆ, ಏಕೆಂದರೆ ಕಲ್ಲುಪ್ಪು ಮತ್ತು ಪುಡಿಯುಪ್ಪು ಒಂದೇ ಚಮಚದಲ್ಲಿ ಬೇರೆಬೇರೆ ತೂಗುತ್ತವೆ. ಉಪ್ಪು ಹಾಕಿ ಹಿಸುಕಿದ ಎಲೆಕೋಸನ್ನು ಜಾಡಿಗೆ ಒತ್ತಿ ತುಂಬಿ, ಅದು ಬಿಟ್ಟ ನೀರಿನಲ್ಲೇ ಪೂರ್ತಿ ಮುಳುಗುವಂತೆ ಮೇಲೆ ನೀರು ತುಂಬಿದ ಪುಟ್ಟ ಜಾಡಿಯನ್ನು ಭಾರಕ್ಕೆ ಇಡುತ್ತೇನೆ. ಮೂರನೆಯ ದಿನ ಕಿವಿಗೊಟ್ಟರೆ ಗುಳ್ಳೆಗಳು ಒಡೆಯುವ ಸಣ್ಣ ಸದ್ದು ಕೇಳಿಸುತ್ತದೆ. ಮುಚ್ಚಳವನ್ನು ಬಿಗಿ ಮಾಡದಿದ್ದರೆ ಅನಿಲ ಹೊರಹೋಗುತ್ತದೆ, ಹುಳಿಬರುವಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಹೆಚ್ಚಿದಂತೆ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲದಂತಾಗುತ್ತದೆ. ಎರಡು ವಾರಕ್ಕೆ ಅದು ನನ್ನ ನಾಲಿಗೆಗೆ ಹದವಾಗುತ್ತದೆ.

ಡಿಹೈಡ್ರೇಟರ್‌ಗೆ ಬದಲಾಗಿ ಓವನ್ ಸಾಕೆಂಬ ಮಾತನ್ನು ನಂಬಿ ಒಂದು ಸಂಜೆ ಪೂರ್ತಿ ಕಳೆದೆ. ಅತಿ ಕಡಿಮೆ ಶಾಖಕ್ಕೆ ತಿರುಗಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸಂದು ಮಾಡಿ, ಒಳಗೆ ಥರ್ಮಾಮೀಟರ್ ಇಟ್ಟು ನೋಡಿದರೆ ಅದು 68 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಅಷ್ಟು ಬಿಸಿಯಲ್ಲಿ ಒಣಗಿಸಿದ್ದನ್ನು ಹಸಿ ಎಂದು ಕರೆಯುವ ಬದಲು ಬೇಯಿಸಿಯೇ ತಿನ್ನಬಹುದಲ್ಲ! ಒಣಗಿಸುವ ಆಸೆಯನ್ನು ಅಲ್ಲಿಗೆ ಬಿಟ್ಟೆ, ಅದರಿಂದ ನಷ್ಟವಾಯಿತೆಂದು ಅನಿಸಿಲ್ಲ.

ಉಪಕರಣಗಳಿಗಿಂತ ದೊಡ್ಡ ಪಾಠವನ್ನು ಕಲಿಸಿದ್ದು ದೇಹ. ಮೊದಲ ಎರಡು ತಿಂಗಳಲ್ಲಿ ಐದು ಕಿಲೊ ಇಳಿದೆ. ಅದನ್ನು ಮೆಚ್ಚಿದವರೂ ಇದ್ದರು, ಆದರೆ ಮಧ್ಯಾಹ್ನದ ಹೊತ್ತಿಗೆ ಕೈಬೆರಳುಗಳು ತಣ್ಣಗಾಗಿ ಕೆಲಸದ ಮೇಲೆ ಮನಸ್ಸೇ ನಿಲ್ಲುತ್ತಿರಲಿಲ್ಲ. ನೂರು ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಕ್ಯಾಲೊರಿ, ಅಷ್ಟೇ ಬಾದಾಮಿಯಲ್ಲಿ ಸುಮಾರು 580. ತಟ್ಟೆ ತುಂಬಿದ್ದರೂ ನಾನು ಉಪವಾಸವೇ ಇದ್ದೆ. ದೀರ್ಘಕಾಲ ಹಸಿ ಆಹಾರವನ್ನೇ ತಿಂದವರ ಬಗ್ಗೆ ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, 45 ವರ್ಷದೊಳಗಿನ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿಯ ಮುಟ್ಟು ಭಾಗಶಃ ಅಥವಾ ಪೂರ್ತಿ ನಿಂತಿದ್ದು ಕಂಡುಬಂದಿತ್ತು. ಇದನ್ನು ಓದಿದ ಮೇಲೆ ನಾನು ಬೀಜಗಳ ಪಾಲನ್ನು ಹೆಚ್ಚಿಸಿ, ರಾತ್ರಿಯ ಊಟವನ್ನು ಬೇಯಿಸಿದ್ದಕ್ಕೆ ಮರಳಿಸಿದೆ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ದೇಹಕ್ಕೆ ಚೆನ್ನಾಗಿ ದಕ್ಕುವುದು ಬೇಯಿಸಿದಾಗಲೇ ಆದ್ದರಿಂದ ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ಸಸ್ಯಮೂಲದ ಆಹಾರದಲ್ಲಿ ನಂಬುವಷ್ಟು ಬಿ12 ಜೀವಸತ್ವ ಸಿಗುವುದಿಲ್ಲವಾದ್ದರಿಂದ ವೈದ್ಯರ ಸಲಹೆಯಂತೆ ಅದರ ಮಾತ್ರೆಯನ್ನು ತೆಗೆದುಕೊಳ್ಳುತ್ತೇನೆ.

ಈಗ ಮಲಗುವ ಮೊದಲು ಹತ್ತು ನಿಮಿಷದ ಕೆಲಸವಿರುತ್ತದೆ. ಬಾದಾಮಿ ನೆನೆಸುವುದು, ಜಾಡಿಗಳ ನೀರು ಬದಲಿಸುವುದು, ನಾಳೆಯ ಸೊಪ್ಪನ್ನು ಹರಿಯುವ ನೀರಿನಲ್ಲಿ ಎಲೆಎಲೆಯಾಗಿ ತೊಳೆದು, ಒಣ ಹತ್ತಿ ಟವೆಲಿನಲ್ಲಿ ಗಂಟು ಕಟ್ಟಿ, ಹೊರಗೆ ನಿಂತು ಕೈಬೀಸಿ ಹತ್ತು ಸುತ್ತು ತಿರುಗಿಸುವುದು. ನೀರೆಲ್ಲ ಟವೆಲಿಗೆ ಇಳಿದು ಸೊಪ್ಪು ಮೂರು ದಿನ ಗರಿಗರಿಯಾಗಿರುತ್ತದೆ. ಓವನ್‌ನ ಕಂಬಿಯ ತಟ್ಟೆಗೂ ಒಂದು ಕೆಲಸ ಸಿಕ್ಕಿದೆ: ಸಿಂಕಿನ ಅಂಚಿಗೆ ಓರೆಯಾಗಿ ಆನಿಸಿಟ್ಟ ಅದರ ಮೇಲೆ ಮೊಳಕೆಯ ಜಾಡಿಗಳು ರಾತ್ರಿಯಿಡೀ ತೊಟ್ಟಿಕ್ಕುತ್ತಿರುತ್ತವೆ.